ಪ್ರಿಂಟರ್ ಕೆಟ್ಟಿಲ್ಲ, ವಿಳಾಸ ತಪ್ಪಿದೆ

ಹೊಸ ಪ್ರಿಂಟರ್ ಕೊಳ್ಳಬೇಡಿ, ನಿಮ್ಮದು ಚೆನ್ನಾಗಿಯೇ ಇದೆ. ಅದಕ್ಕೆ 192.168.1.5 ಎಂಬ ಐಪಿ ವಿಳಾಸವನ್ನು ನೀವೇ ಕೈಯಾರೆ ಕೊಟ್ಟಿದ್ದೀರಿ. ರೂಟರಿಗೆ ಆ ವಿಷಯ ಗೊತ್ತಿಲ್ಲ. ನೀವು ಕಳಿಸಿದ ಚಿತ್ರದ ಪ್ರಕಾರ ಅದರ ಡಿಎಚ್‌ಸಿಪಿ 2ರಿಂದ 254ರವರೆಗಿನ ಸಂಖ್ಯೆಗಳನ್ನು ಬಂದ ಬಂದ ಸಾಧನಗಳಿಗೆ ಹಂಚುತ್ತಿದೆ. ಪ್ರಿಂಟರ್ ಆಫ್ ಆಗಿದ್ದಾಗ ಮಗಳ ಫೋನಿಗೆ ಅದೇ 5 ಸಿಕ್ಕಿರಬೇಕು. ಬೆಳಿಗ್ಗೆ ಪ್ರಿಂಟರ್ ಹಚ್ಚಿದರೆ, ಬಸ್ಸಿನ ಒಂದೇ ಸೀಟನ್ನು ಇಬ್ಬರಿಗೆ ರಿಸರ್ವ್ ಮಾಡಿದಂತೆ.

ಪ್ರಿಂಟರಿನ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು ಮತ್ತೆ ‘ಆಟೋಮ್ಯಾಟಿಕ್’ ಮಾಡಿ. ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ ಒಂದು ಸಂಖ್ಯೆಯನ್ನು ಕಾದಿರಿಸಿ. ವಿಳಾಸಗಳ ಲೆಕ್ಕವೆಲ್ಲ ರೂಟರೊಂದರ ಬಳಿಯೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸೌಲಭ್ಯ ಇಲ್ಲದಿದ್ದರೆ ಮಾತ್ರ ಪ್ರಿಂಟರಿನಲ್ಲಿ 5 ಹಾಗೇ ಇರಲಿ, ರೂಟರಿನ ಹಂಚಿಕೆಯನ್ನು 100ರಿಂದ ಶುರು ಮಾಡಿಸಿ.

ಲ್ಯಾಪ್‌ಟಾಪಿನಲ್ಲಿ ಕಂಡ 169.254ರ ವಿಳಾಸ ಬೇರೆಯೇ ಸಮಸ್ಯೆ. ರೂಟರಿನಿಂದ ಏನೂ ಸಿಗದೆ ಅದು ತಾನೇ ಇಟ್ಟುಕೊಂಡ ವಿಳಾಸವದು. ದಯವಿಟ್ಟು ಅಲ್ಲಿಯೂ ಕೈಯಾರೆ ಸಂಖ್ಯೆ ತುಂಬಲು ಹೋಗಬೇಡಿ. ಮೊದಲು ಕೇಬಲ್ ನೋಡಿ, ಆಮೇಲೆ ರೂಟರನ್ನು ಒಮ್ಮೆ ಆಫ್ ಮಾಡಿ ಹಚ್ಚಿ.