ಎರಡನೇ ಅಂಗಡಿ ತೆರೆಯುವ ಮುಂಚೆ

ನಾವು ಹನ್ನೊಂದು ಮಂದಿ ತೊಗರಿ ಬೆಳೆಗಾರರು ಸೇರಿ ಸೇಡಂನಲ್ಲಿ ಒಂದು ಅಂಗಡಿ ಇಟ್ಟಿದ್ದೇವೆ. ಒಂದು ಕಡೆ ಚಹಾ, ಇನ್ನೊಂದು ಕಡೆ ನಮ್ಮದೇ ತೊಗರಿ ಬೇಳೆ. ನಾಲ್ಕು ಕಾಸು ಉಳಿಯತೊಡಗಿದ್ದೇ ತಡ, ‘ವಾಡಿ ಜಂಕ್ಷನ್ನಿನಾಗ ಒಂದು ಹಾಕೋಣ, ಶಹಾಬಾದ, ಚಿತ್ತಾಪುರ, ಚಿಂಚೋಳಿನೂ ಬಿಡೋದು ಬ್ಯಾಡ’ ಎಂಬ ಹುರುಪು. ವಾಡಿಯಲ್ಲಿ ತೆರೆದೂ ಬಿಟ್ಟೆವು. ಆರೇ ತಿಂಗಳಿಗೆ ಬಾಗಿಲು ಹಾಕಿದೆವು. ಗಿರಾಕಿ ಇದ್ದರು. ಆದರೆ ಅದು ಯಾರ ಅಂಗಡಿ ಎಂಬುದೇ ತೀರ್ಮಾನವಾಗಿರಲಿಲ್ಲ. ಉದ್ರಿ ಕೊಟ್ಟವ ಒಬ್ಬ, ಲೆಕ್ಕ ಬರೆದವ ಇನ್ನೊಬ್ಬ, ಸಾಲಕ್ಕೆ ಸಹಿ ಹಾಕಿದವ ನಾನು!

ಅಂಗಡಿ ಒಂದಿದ್ದಾಗ ಕಣ್ಣಳತೆ ಸಾಕು. ಎರಡಾದರೆ ಕಟ್ಟುಪಾಡು ಬೇಕು. ಇದನ್ನು ಅರಿಯಲು ಎರಡು ಕಾಫಿ ಅಂಗಡಿ ಬಳಗಗಳ ಕತೆ ನನಗೆ ನೆರವಾಯಿತು.

ಕೆಲಸಗಾರರೇ ಒಡೆಯರು

ಇಂಡಿಯಾ ಕಾಫಿ ಹೌಸ್‌ಗಳನ್ನು ಹಿಂದೆ ನಡೆಸುತ್ತಿದ್ದುದು ಕಾಫಿ ಮಂಡಳಿ. 1950ರ ದಶಕದಲ್ಲಿ ಮಂಡಳಿ ಅವನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿದರು. ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ. 1958ರಲ್ಲಿ ತ್ರಿಶೂರು, ಕಣ್ಣೂರುಗಳಲ್ಲಿ. ಹೆಸರು ಒಂದೇ, ಸಂಘ ಬೇರೆ, ಲೆಕ್ಕವೂ ಬೇರೆ. ಸಹಕಾರ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ಕೊರತೆಯೂ ಉಂಟು: ಬಂಡವಾಳ ಕಡಿಮೆ, ತೀರ್ಮಾನ ನಿಧಾನ. ಆದರೂ 2009ರಲ್ಲಿ ಎಂ.ಜಿ. ರಸ್ತೆಯ ಹಳೇ ಜಾಗ ಬಿಡಬೇಕಾದಾಗ ಬೆಂಗಳೂರಿನವರು ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ಒಲೆ ಹಚ್ಚಿದರು.

ಒಂದೇ ಕಂಪೆನಿಯ ಹಿಡಿತ

ಕೆಫೆ ಕಾಫಿ ಡೇ ಬೇರೆ ದಾರಿ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಅಂಗಡಿ ತೆರೆದರು. ಬೀಜದಿಂದ ಬಟ್ಟಲಿನವರೆಗೆ ಎಲ್ಲವೂ ಒಂದೇ ಗುಂಪಿನ ಕೈಯಲ್ಲಿ. ಅದರಿಂದ ರುಚಿ ಒಂದೇ, ತೀರ್ಮಾನ ಬೇಗ. ಅಂಗಡಿಗಳು ಸಾವಿರ ದಾಟಿದವು. ಆದರೆ ಬೇರೆ ವ್ಯವಹಾರಗಳದ್ದೂ ಸೇರಿ ಗುಂಪಿನ ಸಾಲ 2019ರ ಮಾರ್ಚ್ ಹೊತ್ತಿಗೆ 7 ಸಾವಿರ ಕೋಟಿ ರೂ. ಮೀರಿತ್ತು. ಅದೇ ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡರು. ಆಮೇಲೆ ಆಸ್ತಿ ಮಾರಿ, ನೂರಾರು ಅಂಗಡಿ ಮುಚ್ಚಿ ಸಾಲ ಇಳಿಸಬೇಕಾಯಿತು.

ನಾವು ಆರಿಸಿಕೊಂಡದ್ದು

ಎರಡರಿಂದಲೂ ಒಂದಿಷ್ಟು ತೆಗೆದುಕೊಂಡೆವು. ತೊಗರಿ ಒಡೆಸುವುದು, ಚೀಲ, ದರ, ಗುಣಮಟ್ಟ ಎಲ್ಲಾ ಅಂಗಡಿಗೂ ಒಂದೇ. ಲೆಕ್ಕ ಮಾತ್ರ ಅಂಗಡಿಗೊಂದು. ಗಲ್ಲೆಯ ಮೇಲೆ ಕೂರುವವನಿಗೆ ಆ ಅಂಗಡಿಯ ಲಾಭದಲ್ಲಿ ಪಾಲು. ಉದ್ರಿ ಕೊಟ್ಟರೆ ಹೊಣೆಯೂ ಅವನದೇ. ಸಾಲಕ್ಕೆ ಎಲ್ಲರ ಒಪ್ಪಿಗೆ ಪುಸ್ತಕದಲ್ಲಿ ಬರೆದಿರಬೇಕು, ಒಬ್ಬನ ಸಹಿ ನಡೆಯದು. ಒಂದು ಅಂಗಡಿ ತನ್ನ ದುಡಿಮೆಯಲ್ಲಿ ಪೂರ್ತಿ ಒಂದು ವರ್ಷ ನಿಲ್ಲುವ ತನಕ ಮುಂದಿನದರ ಮಾತಿಲ್ಲ.

ಈ ದೀಪಾವಳಿಗೆ ವಾಡಿಯ ಬಾಗಿಲು ಮತ್ತೆ ತೆರೆಯುತ್ತೇವೆ. ಚಿಂಚೋಳಿ ಕಾಯಲಿ. ನನ್ನ ಹೆಸರಿನ ಸಾಲ ಇನ್ನೂ ತೀರಿಲ್ಲ. ನೀವೂ ಗುಂಪು ಕಟ್ಟಿ ಅಂಗಡಿ ಇಡುವವರಾದರೆ ಸಹಿ ಹಾಕುವ ಮೊದಲು ಕೂತು ಮಾತಾಡಿರಿ.