ಮಿತ, ಪಥ್ಯ, ಲಂಘನ: ದೇಹಲಾಘವದ ವಿಚಾರ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದುದು. ಹಿರಿಯರು ಇಲ್ಲಿ 'ಊಟ ಬಿಟ್ಟವನಿಗೆ' ಎನ್ನದೆ 'ಊಟ ಬಲ್ಲವನಿಗೆ' ಎಂದಿರುವುದು ಗಮನಾರ್ಹ. ಬೊಜ್ಜು ಕರಗಿಸಬೇಕೆಂದು ಸಂಕಲ್ಪಿಸಿದವರು ಬಹುಮಟ್ಟಿಗೆ ಮೊದಲು ಊಟವನ್ನು ಬಿಡುತ್ತಾರೆ. ಬಲ್ಲವರಾಗುವ ಕೆಲಸ ಹಾಗೆಯೇ ಉಳಿಯುತ್ತದೆ. ಅಡಗಿಸಿಟ್ಟ ಹಸಿವು ಕೆಲವು ವಾರಗಳಲ್ಲಿ ಸೇಡು ತೀರಿಸಿಕೊಂಡು, ಇಳಿದ ತೂಕ ಮರಳಿ ಏರುತ್ತದೆ. ಈ ವೈಫಲ್ಯದ ಹಿಂದೆ ಮೂರು ಹಳೆಯ ಶಬ್ದಗಳ ಅರ್ಥವಿಸ್ಮೃತಿಯೂ ಇದೆ. ಅವು ಮಿತ, ಪಥ್ಯ ಮತ್ತು ಲಂಘನ.

'ಮಿತ' ಎಂಬುದು ಅಳತೆ ಮಾಡು ಎಂಬರ್ಥದ 'ಮಾ' ಧಾತುವಿನಿಂದ ಬಂದುದು. ಆದುದರಿಂದ ಮಿತಾಹಾರವೆಂದರೆ ಅಲ್ಪಾಹಾರವಲ್ಲ, ಅಳತೆಯರಿತ ಆಹಾರ. ಹೊಟ್ಟೆಯ ಎರಡು ಭಾಗಗಳನ್ನು ಅನ್ನದಿಂದಲೂ ಒಂದು ಭಾಗವನ್ನು ಪಾನೀಯದಿಂದಲೂ ತುಂಬಿ, ಉಳಿದ ಒಂದು ಭಾಗವನ್ನು ಬರಿದಾಗಿ ಬಿಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ವಿಧಿಸುತ್ತದೆ. 'ಪಥ್ಯ'ವೆಂದರೆ ಪಥದಿಂದ, ಅಂದರೆ ದೇಹದ ಸಹಜ ಮಾರ್ಗದಿಂದ ಕದಲದೆ ಇರುವುದು. ಅದು ಕಾಯಿಲೆಯವರ ಸಪ್ಪೆ ಗಂಜಿಗೆ ಮಾತ್ರ ಮೀಸಲಾದ ಮಾತಲ್ಲ. ಇನ್ನು 'ಲಂಘನ'ವನ್ನು ಉಪವಾಸವೆಂದೇ ಜನ ತಿಳಿಯುತ್ತಾರೆ. ಚರಕಸಂಹಿತೆಯಲ್ಲಿ ಶರೀರಕ್ಕೆ ಲಾಘವವನ್ನು, ಎಂದರೆ ಹಗುರತೆಯನ್ನು ಉಂಟುಮಾಡುವುದೆಲ್ಲವೂ ಲಂಘನವೇ. ಅಲ್ಲಿ ಹೇಳಿದ ಹತ್ತು ಬಗೆಗಳಲ್ಲಿ ಉಪವಾಸವು ಒಂದು, ವ್ಯಾಯಾಮವೂ ಒಂದು.

ಅದೇ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೌಲ್ಯವನ್ನು ವಿಸ್ತಾರವಾಗಿ ವಿವೇಚಿಸುತ್ತದೆ. ಅತಿಭೋಜನ, ಸಿಹಿ ಮತ್ತು ಜಿಡ್ಡಿನ ಪದಾರ್ಥಗಳ ಸೇವನೆ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ಚಿಂತೆಯಿಲ್ಲದ ಬಾಳು ಇವುಗಳೊಡನೆ 'ಬೀಜಸ್ವಭಾವ'ವನ್ನೂ ಅದು ಕಾರಣವಾಗಿ ಎಣಿಸಿದೆ. ಬೀಜಸ್ವಭಾವವೆಂದರೆ ಇಂದಿನವರು ಆನುವಂಶಿಕತೆ ಎನ್ನುವುದೇ. ಸ್ಥೂಲದೇಹಿಯನ್ನು ಹೊಟ್ಟೆಬಾಕನೆಂದು ಹಾಸ್ಯಮಾಡುವವರು ಈ ಮಾತನ್ನು ನೆನೆಯಬೇಕು. ತರಗತಿಯಲ್ಲಿ ದಪ್ಪ ಮೈಯ ಬಾಲಕನಿಗೆ ಅಡ್ಡಹೆಸರಿಟ್ಟು ಕರೆಯುವುದರಿಂದ ಅವನ ತೂಕ ಇಳಿಯದು, ಆಟದ ಬಯಲಿಗೆ ಇಳಿಯುವ ಧೈರ್ಯವೊಂದೇ ಇಳಿಯುವುದು.

ಚಿಕಿತ್ಸೆಯ ವಿಷಯದಲ್ಲಿ ಚರಕನ ಸೂಚನೆ ಸೂಕ್ಷ್ಮವಾದುದು. ಸ್ಥೂಲನ ಜಠರಾಗ್ನಿ ಪ್ರಬಲವಾಗಿದ್ದು, ತಿಂದುದನ್ನು ಬೇಗನೆ ಅರಗಿಸಿ ಮತ್ತೆ ಬೇಡುತ್ತದೆ. ಆದ್ದರಿಂದ ಅವನಿಗೆ ಅರಗಲು ತಡವಾಗುವ, ಆದರೆ ಮೈ ಬೆಳೆಸದ ಆಹಾರ ಬೇಕು. ಜವೆ, ಹುರುಳಿ, ಹೆಸರು, ಸಾಮೆ, ಹಾರಕದಂತಹ ಧಾನ್ಯಗಳು ಈ ಕಾರಣದಿಂದಲೇ ಸ್ಥೂಲರಿಗೆ ಹಿತವೆನಿಸಿದವು. ನಾರಿನಂಶವುಳ್ಳ ಆಹಾರ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು ಹಸಿವನ್ನು ತಡೆಯುವುದೆಂಬ ಇಂದಿನ ಪೋಷಣಶಾಸ್ತ್ರದ ಮಾತು ಇದಕ್ಕೆ ಸಮೀಪವಾಗಿದೆ.

ಪ್ರಾಚೀನರಲ್ಲಿ ಇಲ್ಲದಿದ್ದ ಅಂಕಿಗಳ ಅಳತೆಯನ್ನು ಆಧುನಿಕ ವಿಜ್ಞಾನ ಒದಗಿಸಿದೆ. ಒಂದು ಗ್ರಾಂ ಪಿಷ್ಟ, ಸಕ್ಕರೆ ಅಥವಾ ಪ್ರೋಟೀನು ಸುಮಾರು 4 ಕಿಲೋಕ್ಯಾಲೊರಿ ಶಕ್ತಿ ನೀಡಿದರೆ, ಒಂದು ಗ್ರಾಂ ಎಣ್ಣೆ ಅಥವಾ ತುಪ್ಪ 9 ನೀಡುತ್ತದೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಾದರೆ ಒಟ್ಟು ಸುಮಾರು 40 ಗ್ರಾಂ, ಅಂದರೆ 160 ಕಿಲೋಕ್ಯಾಲೊರಿ. ಒಂದು ಕಿಲೋ ಮೈಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೋಕ್ಯಾಲೊರಿ. ಬೇರಾವ ಬದಲಾವಣೆಯೂ ಇಲ್ಲದೆ ಆ ಸಕ್ಕರೆಯೊಂದನ್ನೇ ತ್ಯಜಿಸಿದರೆ, ಲೆಕ್ಕದ ಪ್ರಕಾರ ಒಂದು ಕಿಲೋ ಕರಗಲು ಏಳು ವಾರ ಸಾಕು. ತೂಕ ಇಳಿದಂತೆ ದೇಹ ತನ್ನ ವೆಚ್ಚವನ್ನು ತಗ್ಗಿಸುವುದರಿಂದ ಇಳಿತ ಕ್ರಮೇಣ ನಿಧಾನವಾಗುವುದು; ಇದನ್ನರಿಯದವರು ನಿರಾಶರಾಗಿ ನಡುದಾರಿಯಲ್ಲಿ ನಿಲ್ಲುತ್ತಾರೆ.

ವಿಷಯ ಕೇವಲ ಅಂದಚೆಂದದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015–16ರಲ್ಲಿ ಭಾರತದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 20.6ರಷ್ಟು ಮಂದಿ ಅಧಿಕ ತೂಕದವರು. 2019–21ರಲ್ಲಿ ಅದು ಶೇಕಡಾ 24 ಆಯಿತು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗಗಳು ಇದರ ಬೆನ್ನಿಗೇ ಬರುತ್ತವೆ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಶೇಖರಗೊಳ್ಳುವುದು ಹೆಚ್ಚಾದುದರಿಂದ, ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರು ಮೀರಿದರೆ ಎಚ್ಚರ ವಹಿಸಬೇಕೆನ್ನುತ್ತಾರೆ ವೈದ್ಯರು. ಕುಳಿತೇ ದುಡಿಯುವ ಅಧ್ಯಾಪಕರಿಗೂ ವರ್ತಕರಿಗೂ ದರ್ಜಿಯ ಟೇಪು ತೂಕದ ಯಂತ್ರದಷ್ಟೇ ಸತ್ಯವನ್ನು ನುಡಿಯಬಲ್ಲುದು.

ಹಾಗಾದರೆ ಅನ್ನ ಬಿಟ್ಟು ಮುದ್ದೆ, ರೊಟ್ಟಿ ಹಿಡಿದರೆ ಸಾಕೆ? ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತದೊಡನೆ ವಾದಿಸಿದ ರಾಗಿ ಸೆರೆವಾಸದ ಪರೀಕ್ಷೆಯಲ್ಲಿ ಗೆದ್ದು ಬಂದಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಆ ಧಾನ್ಯಗಳಿಗೆ ಪಟ್ಟಣದ ಪಂಕ್ತಿಯಲ್ಲೂ ಮರ್ಯಾದೆ ದೊರೆಯಿತು. ಆದರೆ ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲೊರಿ ಇದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 320 ಇರುತ್ತದೆ, ಅಂತರ ಅಲ್ಪ. ರಾಗಿಯ ಹಿರಿಮೆ ಇರುವುದು ಸುಮಾರು 11 ಗ್ರಾಂ ನಾರಿನಲ್ಲಿ ಹಾಗೂ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶದಲ್ಲಿ. ಪಾಲಿಶ್ ಅಕ್ಕಿಯ ನಾರು 3 ಗ್ರಾಂಗೂ ಕಡಿಮೆ. ಆದ್ದರಿಂದ ಎರಡು ಮುದ್ದೆಯ ಜಾಗದಲ್ಲಿ ನಾಲ್ಕು ಮುದ್ದೆ ಉಂಡವನು ರಾಗಿಯನ್ನು ದೂರುವಂತಿಲ್ಲ. ಹೊಲದಲ್ಲಿ ದುಡಿಯುತ್ತಿದ್ದ ಅಜ್ಜನ ಊಟವನ್ನು ಕುರ್ಚಿಯಲ್ಲಿ ಕುಳಿತ ಮೊಮ್ಮಗ ಉಂಡರೆ, ಅಜ್ಜನ ಮೈಕಟ್ಟು ಬಾರದು.

ಮಾರ್ಗವೇನೆಂಬುದಕ್ಕೆ ಚರಕನಲ್ಲೇ ಉತ್ತರವಿದೆ. ಅಭ್ಯಾಸವಾಗಿರುವ ಅಹಿತವನ್ನು ಒಮ್ಮೆಗೇ ಬಿಡದೆ ಪಾದಪಾದವಾಗಿ ಬಿಡಬೇಕು, ಹಿತವನ್ನು ಹಾಗೆಯೇ ಹಿಡಿಯಬೇಕು ಎಂಬುದು ಸೂತ್ರಸ್ಥಾನದ 7ನೆಯ ಅಧ್ಯಾಯದ ಉಪದೇಶ. ತಟ್ಟೆಯ ಅನ್ನದಲ್ಲಿ ಮೊದಲು ಕಾಲುಭಾಗ ತಗ್ಗಿಸಿ, ಆ ಸ್ಥಳವನ್ನು ಸೊಪ್ಪಿನ ಪಲ್ಯ, ಕೋಸಂಬರಿ, ಮೊಳಕೆಕಾಳುಗಳಿಂದ ತುಂಬಬೇಕು. ಅದು ರೂಢಿಯಾದ ಮೇಲೆ ಮುಂದಿನ ಹೆಜ್ಜೆ. ರಾತ್ರಿಯ ಊಟ ಬೇಗ ಮುಗಿಯಲಿ, ಕರಿದ ತಿಂಡಿ ಹಬ್ಬಕ್ಕೆ ಉಳಿಯಲಿ, ನಿತ್ಯ ಅರ್ಧ ಗಂಟೆಗೆ ಕಡಿಮೆಯಿಲ್ಲದ ಬಿರುಸು ನಡಿಗೆ ಇರಲಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದೇ ಉತ್ತಮ ಗತಿ. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳುವುದು ಅಪಾಯಕರ. ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು. ಬೆಳೆಯುವ ಮಕ್ಕಳಿಗೆ ಊಟ ತಪ್ಪಿಸುವುದು ಸರ್ವಥಾ ಸಲ್ಲದು. ಅವರಿಗೆ ಬೇಕಾದುದು ಆಟ ಮತ್ತು ಒಳ್ಳೆಯ ಅಡುಗೆ.

ಕೊನೆಯದಾಗಿ ಪಂಕ್ತಿಭೋಜನದ ಒಂದು ಮಾತು. ಅತಿಥಿ ಬೇಡವೆಂದು ಕೈ ಅಡ್ಡ ಹಿಡಿದರೂ ಮತ್ತೊಂದು ಹೋಳಿಗೆ ಬಡಿಸುವುದು ಈ ನಾಡಿನ ಪ್ರೀತಿಯ ಪದ್ಧತಿ. ಧಾನ್ಯವೇ ದುರ್ಲಭವಾಗಿದ್ದ ಕಾಲದಲ್ಲಿ ಅದಕ್ಕಿಂತ ದೊಡ್ಡ ಉಪಚಾರವಿರಲಿಲ್ಲ. ಇಂದು ಆ ಕೈಯನ್ನು ಗೌರವಿಸುವುದೂ ಉಪಚಾರವೇ. ಅನ್ನದಾನ ಮಾಡುವ ಮಹನೀಯರು ಅಕ್ಕಿ, ಬೆಲ್ಲಗಳೊಡನೆ ಕಾಳು, ತರಕಾರಿಗಳಿಗೂ ಕಾಣಿಕೆ ಸಲ್ಲಿಸಿದರೆ, ವಿದ್ಯಾರ್ಥಿನಿಲಯದ ತಟ್ಟೆಯಲ್ಲಿ ಪಥ್ಯವು ರುಚಿಯಾಗಿಯೇ ಬಂದು ಕೂರುತ್ತದೆ. ಅಲ್ಲಿ ಉಂಡು ಬೆಳೆದ ಮಕ್ಕಳು ಮುಂದೆ ನಡುವಯಸ್ಸಿನಲ್ಲಿ ಊಟ ಬಿಡಬೇಕಾದ ಸಂದರ್ಭ ಬಾರದು. ಅವರು ಆಗಲೇ ಊಟ ಬಲ್ಲವರಾಗಿರುತ್ತಾರೆ.