ಆರೋಗ್ಯ ಸಿಬ್ಬಂದಿಯ ಸ್ಮಾರ್ಟ್‌ಕಾರ್ಡ್: ಟಿಪ್ಪಣಿ

2008ರ ಏಪ್ರಿಲ್‌ನಲ್ಲಿ, ದೇಶದಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಶುರುವಾಯಿತು. ಬಡ ಕುಟುಂಬದ ಐದು ಮಂದಿಗೆ ವರ್ಷಕ್ಕೆ 30,000 ರೂ. ವಿಮೆ ಇತ್ತು, ನೋಂದಣಿಗೆ 30 ರೂ. ಶುಲ್ಕವಿತ್ತು.

ಈ ಯೋಜನೆಯ ಫಲಾನುಭವಿಯ ಕಾರ್ಡ್ ಎಲ್ಲರಿಗೂ ಗೊತ್ತು; ಸಿಬ್ಬಂದಿಯ ಕಾರ್ಡನ್ನು ಪರೀಕ್ಷೆಯ ಅಭ್ಯರ್ಥಿಗಳು ಮರೆಯುತ್ತಾರೆ. ನೋಂದಣಿ ಶಿಬಿರದಲ್ಲಿ ಫೀಲ್ಡ್ ಕೀ ಆಫೀಸರ್ ಎಂಬ ಸರ್ಕಾರಿ ನೌಕರ ತನ್ನ ಚಿಪ್ ಕಾರ್ಡ್ ಹಾಕಿ, ಬೆರಳಚ್ಚು ಕೊಟ್ಟ ಮೇಲೆಯೇ ಕುಟುಂಬದ ಕಾರ್ಡ್ ಸಿದ್ಧವಾಗುತ್ತಿತ್ತು. ಆಸ್ಪತ್ರೆಗೂ ಪ್ರತ್ಯೇಕ ಅಧಿಕಾರ ಕಾರ್ಡ್ ಇತ್ತು.

ಸಿಬ್ಬಂದಿ ಕಾರ್ಡಿಗೆ ಇನ್ನೊಂದು ಉದಾಹರಣೆ: ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ವೈದ್ಯರು, ದಾದಿಯರು ಚಿಪ್ ಕಾರ್ಡ್ ಮತ್ತು ಪಾಸ್‌ಕೋಡ್ ಎರಡನ್ನೂ ಬಳಸಿ ರೋಗಿಯ ದಾಖಲೆ ತೆರೆಯುತ್ತಾರೆ. ಇದೇ ಎರಡು ಹಂತದ ದೃಢೀಕರಣ. ಹುದ್ದೆಗೆ ತಕ್ಕಷ್ಟೇ ಮಾಹಿತಿ ಕಾಣುತ್ತದೆ. ಒಬ್ಬರ ಕಾರ್ಡನ್ನು ಇನ್ನೊಬ್ಬರು ಬಳಸಿದರೆ ಈ ಏರ್ಪಾಡೇ ವ್ಯರ್ಥ.

ಗೊಂದಲ ಬೇಡ: 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ (ಆರೋಗ್ಯ ಖಾತೆ) ಸಂಖ್ಯೆ ನಾಗರಿಕರದ್ದು; ವೈದ್ಯ, ದಾದಿಯರಿಗೆ ಬೇರೆಯೇ ವೃತ್ತಿಪರರ ನೋಂದಣಿ ಪಟ್ಟಿಯಿದೆ.